ಟಾರ್ಚಿನ ಸೆಲ್ಲೂ ಶರಾವತಿ ಕಣಿವೆಯೂ

ಹಗಲಿನ ಸೌರವಿದ್ಯುತ್ತನ್ನು ಇರುಳಿಗೆ ಕಾಪಿಡಲು ಶರಾವತಿ ಕಣಿವೆಯನ್ನು ಕೊರೆಯದೆ ಗತ್ಯಂತರವಿಲ್ಲ ಎಂಬುದು ಯೋಜನಾಕಾರರ ವಾದ. ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ, ಸಿಂಗಳೀಕಗಳ ಅಭಯಾರಣ್ಯದೊಳಗೆ, ನೀರನ್ನು ಮೇಲೆತ್ತಿ ಮತ್ತೆ ಕೆಳಗೆ ಬಿಡುವ 2000 ಮೆಗಾವಾಟ್ ಯೋಜನೆ ರೂಪುಗೊಂಡದ್ದು ಈ ವಾದದ ಮೇಲೆಯೇ. ಗತ್ಯಂತರವಿಲ್ಲವೆನ್ನುವವರು ಅದನ್ನು ಎಷ್ಟು ಹುಡುಕಿದ್ದಾರೆ?

ಹುಡುಕಬಹುದಾದ ಎಳೆಯೊಂದು ಮಲೆನಾಡಿನ ಮನೆಮನೆಯ ಟಾರ್ಚಿನಲ್ಲೇ ಇತ್ತು. ಇಂದಿಗೂ ಗೋಡೆ ಗಡಿಯಾರದಲ್ಲಿದೆ. ಸಾಮಾನ್ಯ ಸೆಲ್ಲಿನ ತಗಡು ಸತು. ಒಳಗಿನ ಕರಿಪುಡಿ ಇಂಗಾಲ ಬೆರೆತ ಮ್ಯಾಂಗನೀಸ್ ಡೈಆಕ್ಸೈಡ್. ಇದೇ ಜೋಡಿಯನ್ನು ಮರಳಿ ಮರಳಿ ಚಾರ್ಜ್ ಮಾಡಬಲ್ಲಂತೆ ರೂಪಿಸುವ ಪ್ರಯತ್ನವೇ ಸತು-ಅಯಾನ್ ಬ್ಯಾಟರಿ. ಸತುವಿನ ಲವಣ ಕರಗಿದ ನೀರೇ ಅದರ ದ್ರಾವಣವಾದ್ದರಿಂದ ಲಿಥಿಯಂ ಬ್ಯಾಟರಿಯಂತೆ ಹೊತ್ತಿ ಉರಿಯುವ ಭಯವಿಲ್ಲ. ತೂಕ ಹೆಚ್ಚು, ನಿಜ. ಉಪಕೇಂದ್ರದ ಅಂಗಳದಲ್ಲಿ ಕದಲದೆ ಕೂರುವ ಬ್ಯಾಟರಿಗೆ ತೂಕವೂ ಒಂದು ದೋಷವೇ?

ನಿಜವಾದ ತೊಡಕಿರುವುದು ಧನಧ್ರುವದಲ್ಲಿ, ಅಂದರೆ ಕ್ಯಾಥೋಡ್ ಆಗಿರುವ ಆ ಕರಿಪುಡಿಯಲ್ಲಿ. ಎರಡು ಧನಾವೇಶ ಹೊತ್ತ ಸತುವಿನ ಅಯಾನು ಆಕ್ಸೈಡಿನ ಸಂದುಗಳಿಗೆ ನುಗ್ಗಿದರೆ ಸುಲಭವಾಗಿ ಹೊರಬರದು. ಹರಳಿನ ಕಟ್ಟು ಸಡಿಲುತ್ತದೆ, ಮ್ಯಾಂಗನೀಸ್ ಕ್ರಮೇಣ ದ್ರಾವಣಕ್ಕೆ ಕರಗಿಹೋಗುತ್ತದೆ. ದ್ರಾವಣಕ್ಕೆ ಮೊದಲೇ ಮ್ಯಾಂಗನೀಸ್ ಸಲ್ಫೇಟ್ ಬೆರೆಸಿ ಈ ನಷ್ಟವನ್ನು ತಗ್ಗಿಸಬಹುದೆಂದು ಅಮೆರಿಕದ ರಾಷ್ಟ್ರೀಯ ಪ್ರಯೋಗಾಲಯವೊಂದರ ಸಂಶೋಧಕರು 2016ರಲ್ಲಿ ತೋರಿಸಿ, 5000 ಆವರ್ತಗಳ ಬಾಳಿಕೆಯನ್ನು ವರದಿ ಮಾಡಿದರು. ಅದೇ ವರ್ಷ ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದವರು ವನೇಡಿಯಂ ಆಕ್ಸೈಡಿನ ಹಾದಿ ತೆರೆದರು. ವನೇಡಿಯಂ ದುಬಾರಿ, ಅದರ ಆಕ್ಸೈಡು ವಿಷ. ಅದನ್ನು ತುಂಬಿದ ಡಬ್ಬಿಗೆ ಹಸಿರು ಬಣ್ಣ ಬಳಿದರೇನು ಫಲ?

ಸಾವಿರಾರು ಆವರ್ತಗಳ ಹೆಗ್ಗಳಿಕೆಯನ್ನೂ ಕಣ್ಣುಮುಚ್ಚಿ ನಂಬಬೇಕಿಲ್ಲ. ಎಷ್ಟೋ ವರದಿಗಳಲ್ಲಿ ಎಣಿಸಿದ್ದು ತೆಳುಲೇಪನವನ್ನು ನಿಮಿಷಗಳಲ್ಲಿ ತುಂಬಿ ಬರಿದುಮಾಡಿದ ಆವರ್ತಗಳನ್ನು. ಊರಿಗೆ ಬೇಕಾದದ್ದು ಹಗಲೆಲ್ಲ ತುಂಬಿಕೊಂಡು ಇರುಳೆಲ್ಲ ಉಣಿಸುವ ಬ್ಯಾಟರಿ. ಮ್ಯಾಂಗನೀಸ್ ಧನಧ್ರುವ ಬೇಗ ಸೊರಗುವುದೂ ಇಂಥ ನಿಧಾನದ ಬಳಕೆಯಲ್ಲೇ. ದಪ್ಪ ಲೇಪನ, ನಿಧಾನದ ಆವರ್ತ, ಅಗ್ಗದ ಮ್ಯಾಂಗನೀಸ್: ಸಾರ್ವಜನಿಕ ಹಣ ಈ ಪರೀಕ್ಷೆಗೆ ಸಲ್ಲಬೇಕು, ಸುರಂಗಕ್ಕಲ್ಲ.

ಹಾಗಾದರೆ ಮ್ಯಾಂಗನೀಸ್ ಎಲ್ಲಿಂದ? ಸಂಡೂರಿನ ಗುಡ್ಡಗಳತ್ತ ಬೆರಳು ತೋರುವವರು ಸಿದ್ಧರಾಗಿಯೇ ಇರುತ್ತಾರೆ. ಬಳ್ಳಾರಿಯ ಕಬ್ಬಿಣದ ಗಣಿಗಳನ್ನು 2011ರಲ್ಲಿ ಸುಪ್ರೀಂ ಕೋರ್ಟೇ ನಿಲ್ಲಿಸಬೇಕಾಯಿತೆಂಬುದನ್ನು ಅವರು ಮರೆತಿರಬಹುದು. ಅಗೆದು ತೆಗೆದ ಮ್ಯಾಂಗನೀಸ್ ಸತ್ತ ಸೆಲ್ಲುಗಳಲ್ಲಿ ಬಿದ್ದಿದೆ. ಮರಳಿ ಪಡೆಯುವ ವಿಧಾನಗಳೂ ಇವೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳು ಅದನ್ನು ಸಂಗ್ರಹಿಸುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಆದರೂ ಅಡಕೆ ತೋಟದ ಬದುವಿನಲ್ಲಿ ತುಕ್ಕು ಹಿಡಿದ ಸೆಲ್ಲುಗಳು ಸಿಕ್ಕುತ್ತಲೇ ಇವೆ. ಮಲೆನಾಡಿನ ಎಷ್ಟು ಅಂಗಡಿಗಳ ಮುಂದೆ ಅವನ್ನು ಹಾಕಲು ಒಂದು ಡಬ್ಬಿಯಿದೆ?