ನಿಯಮ ಒಂದೇ, ಮಕ್ಕಳು ಬೇರೆ ಬೇರೆ

ವಿದೇಶಕ್ಕೆ ಹೊರಟ ದಂಪತಿಗಳು ಸಂಬಳ, ಮನೆ ಬಾಡಿಗೆಗಳ ವಿಚಾರ ಮುಗಿದೊಡನೆ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: ‘ಅಲ್ಲಿ ಮಕ್ಕಳ ಸಂಸ್ಕಾರದ ಗತಿ ಏನು?’ ಊರಿನಲ್ಲಿರುವ ಹಿರಿಯರ ಆತಂಕವೂ ಇದೇ. ಟೋಕಿಯೊ ಮಗ್ಗುಲಿನ ಉರಯಾಸುವಿನಲ್ಲಿ ಇಬ್ಬರು ಮಕ್ಕಳನ್ನು ಬೆಳೆಸುತ್ತಿರುವ ನನಗೆ, ಆ ಪ್ರಶ್ನೆಯನ್ನು ತುಸು ತಿದ್ದಬೇಕೆನಿಸುತ್ತದೆ: ಯಾವ ಮಗುವಿಗೆ, ಯಾವ ಬಗೆಯಲ್ಲಿ?

ಶಿಸ್ತನ್ನು ಇಲ್ಲಿಯ ಶಾಲೆ ಧಾರಾಳವಾಗಿಯೇ ಕಲಿಸುತ್ತದೆ. ಮಕ್ಕಳು ತಮ್ಮ ತರಗತಿಯನ್ನು ತಾವೇ ಗುಡಿಸಿ ಒರೆಸುತ್ತಾರೆ, ಮಧ್ಯಾಹ್ನದ ಊಟವನ್ನು ಸರದಿಯಂತೆ ಬಡಿಸುತ್ತಾರೆ. ‘ದೋತೊಕು’ ಎಂಬ ನೈತಿಕ ಶಿಕ್ಷಣ 2018ರಿಂದ ಪ್ರಾಥಮಿಕ ಶಾಲೆಗಳಲ್ಲಿ ವಿಧಿಬದ್ಧ ವಿಷಯವಾಗಿದೆ. ಆದರೆ ಕಣ್ಣಿಗೆ ಕಾಣುವ ಶಿಸ್ತು ಬೇರೆ. ಯಾರೂ ನೋಡದಿರುವಾಗ ಮಗುವಿನ ಕೈಯನ್ನು ತಡೆಯುವ ಅಂತಃಸಾಕ್ಷಿ ಬೇರೆ. ಅದು ಮೊಳೆಯತೊಡಗುವುದು ಶಾಲೆಯ ಮೆಟ್ಟಿಲು ಹತ್ತುವ ಮುನ್ನವೇ, ಮನೆಯೊಳಗೆ.

ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಗ್ರಾಜಿನಾ ಕೊಹಾನ್ಸ್ಕಾ ಈ ವಿಷಯವನ್ನು ದೀರ್ಘಕಾಲ ಅಧ್ಯಯನ ಮಾಡಿದವರು. ಎಳೆಯ ಮಕ್ಕಳನ್ನು ಐದನೆಯ ವಯಸ್ಸಿನವರೆಗೆ ಗಮನಿಸಿ 1997ರಲ್ಲಿ ಅವರು ಪ್ರಕಟಿಸಿದ ಬರಹದ ಸಾರ ಇಷ್ಟು: ಅಂಜುವ ಸ್ವಭಾವದ ಮಗುವಿನಲ್ಲಿ ಅಂತಃಸಾಕ್ಷಿ ಬೆಳೆಯಲು ಒತ್ತಾಯವಿಲ್ಲದ ಮೃದುವಾದ ತಿದ್ದುವಿಕೆ ನೆರವಾಗುತ್ತದೆ. ಅಂಜಿಕೆಯಿಲ್ಲದ ಮಗುವಿನ ಮೇಲೆ ಆ ಮೃದುತನ ಅಷ್ಟಾಗಿ ನಾಟುವುದಿಲ್ಲ. ತಾಯಿಯೊಡನೆ ಅದಕ್ಕಿರುವ ಭದ್ರವಾದ, ಬೆಚ್ಚನೆಯ ಬಾಂಧವ್ಯವೇ ಅದನ್ನು ಒಳ್ಳೆಯದರತ್ತ ಒಯ್ಯುತ್ತದೆ. ಗುರಿ ಒಂದೇ, ದಾರಿ ಎರಡು.

ಇದರ ನಿಜ ನನಗೆ ದಿನವೂ ಮನೆಯಲ್ಲೇ ಕಾಣುತ್ತದೆ. ಮಗಳು ನನ್ನ ಹುಬ್ಬು ಗಂಟಿಕ್ಕಿದರೆ ಸಾಕು, ಮುದುಡಿಹೋಗುತ್ತಾಳೆ. ಅವಳಿಗೆ ಬೈಗುಳ ಬಿದ್ದರೆ ತಲೆಯಲ್ಲಿ ಉಳಿಯುವುದು ಭಯ ಮಾತ್ರ, ತಪ್ಪು ಯಾವುದೆಂಬುದು ಮರೆತೇ ಹೋಗುತ್ತದೆ. ಮಗ ಗದರಿಕೆಯನ್ನು ಮಳೆಯಂತೆ ಕೊಡವಿಕೊಂಡು ಓಡುವವನು. ಆದರೆ ಭಾನುವಾರ ಜೊತೆಯಲ್ಲಿ ಕೂರಿಸಿಕೊಂಡು ದೋಸೆ ಹುಯ್ಯುವಾಗ ಆಡಿದ ಮಾತನ್ನು ಅವನು ವಾರವೆಲ್ಲ ನೆನಪಿಡುತ್ತಾನೆ. ಪರರ ವಸ್ತು ಮುಟ್ಟಬಾರದು, ಸುಳ್ಳಾಡಬಾರದು ಎಂಬ ನಿಯಮದಲ್ಲಿ ಇಬ್ಬರಿಗೂ ರಿಯಾಯಿತಿಯಿಲ್ಲ. ಬೇರೆಯಾಗುವುದು ಹೇಳುವ ರೀತಿ ಮಾತ್ರ.

ತುಂಬಿದ ಮನೆಯಲ್ಲಿ ಈ ಹೊಂದಾಣಿಕೆ ತಾನಾಗಿಯೇ ಆಗುತ್ತಿತ್ತು. ಅಪ್ಪ ಗದರಿದರೆ ಅಜ್ಜಿಯ ಸೆರಗು ಇರುತ್ತಿತ್ತು. ಅಮ್ಮನ ಮಾತು ಕೇಳದವನು ಸೋದರಮಾವನ ಮಾತು ಕೇಳುತ್ತಿದ್ದ. ಇಲ್ಲಿಯ ಪುಟ್ಟ ಮನೆಯಲ್ಲಿ ಆ ಎಲ್ಲ ಪಾತ್ರಗಳನ್ನೂ ಇಬ್ಬರೇ ವಹಿಸಬೇಕು, ಅದೂ ಕಚೇರಿಯಿಂದ ದಣಿದು ಬಂದ ಮೇಲೆ. ದಣಿದವರ ಕೈಗೆ ಬೇಗ ಸಿಗುವುದು ಏಟು. ‘ಛಡಿ ಏಟು ಚಂಚಂ’ ಎಂಬ ಗಾದೆಯನ್ನು ನಂಬಿ ಬರುವವರು ಒಂದು ಸಂಗತಿಯನ್ನು ಅರಿತಿರಬೇಕು: ಶಿಸ್ತಿನ ಹೆಸರಿನಲ್ಲಿ ಹೆತ್ತವರು ಮಕ್ಕಳನ್ನು ಹೊಡೆಯುವುದನ್ನು ಜಪಾನಿನ ಕಾನೂನು 2020ರ ಏಪ್ರಿಲ್‌ನಿಂದ ನಿಷೇಧಿಸಿದೆ. ಆದ್ದರಿಂದ ಹೊರಡುವ ಮುನ್ನ ಲೆಕ್ಕ ಹಾಕಬೇಕಾದದ್ದು ಸಂಬಳವನ್ನಷ್ಟೇ ಅಲ್ಲ, ಮಕ್ಕಳಿಗಾಗಿ ಸಂಜೆ ಉಳಿಯುವ ಗಂಟೆಗಳನ್ನೂ.

ಊರಿನ ಬಂಧುಗಳಲ್ಲಿ ಒಂದು ವಿನಂತಿ. ಭಾನುವಾರದ ವಿಡಿಯೊ ಕರೆಯಲ್ಲಿ ‘ಅಕ್ಕನನ್ನು ನೋಡಿ ಕಲಿ’ ಎನ್ನಬೇಡಿ. ಅಕ್ಕ ಕಲಿತ ಬಗೆಯಲ್ಲಿ ತಮ್ಮ ಕಲಿಯಲಾರ. ಅವನೊಡನೆ ಹತ್ತು ನಿಮಿಷ ಹೆಚ್ಚು ಹರಟೆ ಹೊಡೆಯಿರಿ. ನೀವು ಕೊಡಬಹುದಾದ ಸಂಸ್ಕಾರ ಅದೇ.