ಬಿಡುವಿನ ಪ್ರವಾಸಕ್ಕೆ ತಂಗಲೊಂದು ತೋಪು



‘ದೇಶ ಸುತ್ತು, ಕೋಶ ಓದು’ ಎಂಬ ನಾಣ್ನುಡಿಯನ್ನು ಮೂವತ್ತು ವರ್ಷಗಳ ಕಾಲ ಕಪ್ಪುಹಲಗೆಯ ಮೇಲೆ ಬರೆದವನು ನಾನು. ಕೋಶ ಓದುವುದಕ್ಕೆ ಸಮಯ ಬೇಕೆಂಬುದನ್ನು ಎಲ್ಲರೂ ಒಪ್ಪುತ್ತಾರೆ. ದೇಶ ಸುತ್ತುವುದಕ್ಕೂ ಅಷ್ಟೇ ಸಮಯ ಬೇಕೆಂಬುದನ್ನು ಮರೆಯುತ್ತಾರೆ. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಹೊರಟು, ಶನಿವಾರ ಗೋಕರ್ಣ, ಮುರುಡೇಶ್ವರ, ಭಾನುವಾರ ಕೊಲ್ಲೂರು, ಉಡುಪಿ ಎಲ್ಲವನ್ನೂ ಮುಗಿಸಿ, ಸೋಮವಾರ ಬೆಳಿಗ್ಗೆ ಕಚೇರಿಯಲ್ಲಿ ಆಕಳಿಸುವವರು ನಿಮ್ಮಲ್ಲೇ ಅನೇಕರಿದ್ದೀರಿ. ಇದು ಹಾಜರಿ ಪುಸ್ತಕಕ್ಕೆ ಸಹಿ ಹಾಕಿ ಬಂದಂತೆಯೇ ಹೊರತು ಪ್ರವಾಸವಲ್ಲ ಎಂಬುದು ನನ್ನ ಅಭಿಮತ.

ಕಳೆದ ಫಾಲ್ಗುಣ ಮಾಸದಲ್ಲಿ, ಯುಗಾದಿಗೆ ಮೊದಲು, ನನ್ನ ಮಗ ಒಂದು ಕ್ಯಾಂಪರ್ ವ್ಯಾನನ್ನು ಬಾಡಿಗೆಗೆ ಹಿಡಿದು ನಮ್ಮಿಬ್ಬರನ್ನೂ ಕರಾವಳಿಗೆ ಕರೆದೊಯ್ದನು. ಈ ವಾಹನವನ್ನು ಕಾಣದವರಿಗಾಗಿ ಹೇಳುವುದಾದರೆ, ಅದು ಚಕ್ರಗಳ ಮೇಲಿನ ಒಂದು ಪುಟ್ಟ ಮನೆ. ಮಡಚುವ ಹಾಸಿಗೆ, ಗ್ಯಾಸ್ ಒಲೆ, ನೀರಿನ ತೊಟ್ಟಿ, ಶೌಚಾಲಯ ಎಲ್ಲವೂ ಅದರಲ್ಲಿ ಅಡಕವಾಗಿರುತ್ತವೆ. ದೊಡ್ಡಬಳ್ಳಾಪುರದಿಂದ ದಾಬಸ್‌ಪೇಟೆಗೆ ಬಂದು ಹೆದ್ದಾರಿ ಸೇರಿ, ಹುಬ್ಬಳ್ಳಿ, ಅಂಕೋಲಾಗಳ ಮಾರ್ಗವಾಗಿ ಕಾರವಾರ ತಲುಪಿದೆವು. ಕಾರವಾರದಿಂದ ಮರವಂತೆಗೆ ಇನ್ನೂರು ಕಿಲೋಮೀಟರುಗಳೂ ಇಲ್ಲ. ಅಷ್ಟು ದೂರಕ್ಕೆ ನಾವು ಎಂಟು ದಿನ ತೆಗೆದುಕೊಂಡೆವು.

‘ಮೇಷ್ಟ್ರೇ, ಎಂಟು ದಿನದಲ್ಲಿ ಏನೇನು ನೋಡಿದಿರಿ?’ ಎಂದು ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿಯಲ್ಲಿ ಕೇಳಿದ. ಪಟ್ಟಿ ಕೊಡುವಷ್ಟೇನೂ ನೋಡಿರಲಿಲ್ಲ. ಕಾರವಾರದಲ್ಲಿ ಮೀನುಗಾರರು ಸಾಲಾಗಿ ನಿಂತು ರಂಪಣಿ ಬಲೆ ಎಳೆಯುವುದನ್ನು ಮೂರು ಬೆಳಗು ನೋಡಿದೆವು. ಮೊದಲ ದಿನ ಅದು ಕೇವಲ ಒಂದು ದೃಶ್ಯವಾಗಿತ್ತು. ಮೂರನೆಯ ದಿನ ಬಲೆಯ ಯಾವ ತುದಿಯನ್ನು ಯಾವಾಗ ಎಳೆಯಬೇಕು, ಬಂದ ಮೀನಿನಲ್ಲಿ ಯಾರಿಗೆ ಎಷ್ಟು ಪಾಲು ಎಂಬುದು ಮಾತಿಗೆ ಬಂದಿತು. ಹೊನ್ನಾವರದಲ್ಲಿ ಶರಾವತಿಯು ಸಮುದ್ರ ಸೇರುವಲ್ಲಿ ಒಂದು ಇಡೀ ಸಂಜೆ ಸುಮ್ಮನೆ ಕುಳಿತೆವು. ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸಮುದ್ರ, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಮಂಡಿನೋವಿನ ನನ್ನ ಶ್ರೀಮತಿಗೆ ಮೆಟ್ಟಿಲು ಹತ್ತುವ, ಕೋಣೆ ಬದಲಿಸುವ ತೊಂದರೆಯೇ ಬರಲಿಲ್ಲ.

ನಿಂತು ನೋಡುವುದರ ಫಲ ದೊಡ್ಡದು. ರವೀಂದ್ರನಾಥ ಠಾಕೂರರು ಇಪ್ಪತ್ತರ ಹರೆಯದಲ್ಲಿ, 1880ರ ದಶಕದ ಆರಂಭದಲ್ಲಿ, ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ನ್ಯಾಯಾಧೀಶರಾಗಿದ್ದರು. ಅಲ್ಲಿ ತಂಗಿದ್ದಾಗ ಬರೆದ ‘ಪ್ರಕೃತಿರ್ ಪ್ರತಿಶೋಧ್’ ನಾಟಕ 1884ರಲ್ಲಿ ಪ್ರಕಟವಾಯಿತು. ಒಂದು ಹಗಲಿನಲ್ಲಿ ಬಂದು ಹೋಗಿದ್ದರೆ ಆ ನಾಟಕ ಹುಟ್ಟುತ್ತಿತ್ತೇ?

ಆದರೆ ನಾನು ಇಂದು ಬರೆಯಹೊರಟದ್ದು ನಮ್ಮ ಸುಖದ ವರದಿಯನ್ನಲ್ಲ. ನಿಧಾನವಾಗಿ ಸಂಚರಿಸಬೇಕಾದರೆ ನಿಲ್ಲಲು ಒಂದು ಜಾಗ ಬೇಕು. ಆ ಜಾಗ ನಮ್ಮಲ್ಲಿಲ್ಲ. ಒಂದು ಊರಿನ ಕಡಲತೀರದಲ್ಲಿ ವಾಹನ ನಿಲ್ಲಿಸಿ ಮಲಗಲು ಸಿದ್ಧರಾಗಿದ್ದಾಗ, ರಾತ್ರಿ ಹತ್ತು ಗಂಟೆಗೆ ಕಾವಲುಗಾರರೊಬ್ಬರು ಬಂದು ಇಲ್ಲಿ ತಂಗುವಂತಿಲ್ಲ ಎಂದರು. ಅವರು ಒರಟಾಗಿ ನಡೆದುಕೊಳ್ಳಲಿಲ್ಲ. ಎಲ್ಲಿ ತಂಗಬಹುದೆಂಬ ನಮ್ಮ ಪ್ರಶ್ನೆಗೆ ಮಾತ್ರ ಅವರ ಬಳಿ ಉತ್ತರವಿರಲಿಲ್ಲ. ಆ ರಾತ್ರಿಯನ್ನು ಒಂದು ಪೆಟ್ರೋಲ್ ಬಂಕಿನ ಅಂಗಳದಲ್ಲಿ, ಲಾರಿಗಳ ನಡುವೆ ಕಳೆದೆವು.

ಯುರೋಪಿನ ಉತ್ತರದ ಚಳಿದೇಶಗಳ ನಿವೃತ್ತರು ಚಳಿಗಾಲ, ವಸಂತಗಳಲ್ಲಿ ಇಂತಹ ವ್ಯಾನುಗಳಲ್ಲಿ ಸ್ಪೇನ್ ದೇಶದ ಕಡಲತೀರಕ್ಕೆ ಬಂದು ವಾರಗಟ್ಟಲೆ ಇರುತ್ತಾರೆ. ಅಲ್ಲಿ ಎಲ್ಲವೂ ಸಡಿಲವೆಂದು ತಿಳಿಯಬೇಡಿ. ಸ್ಪೇನಿನ 1988ರ ಕರಾವಳಿ ಕಾಯಿದೆಯು ಸಾರ್ವಜನಿಕ ಕಡಲತೀರದಲ್ಲಿ ವಾಹನ ನಿಲ್ಲಿಸುವುದನ್ನೂ ಬಿಡಾರ ಹೂಡುವುದನ್ನೂ ನಿಷೇಧಿಸುತ್ತದೆ. ಆದರೆ ಮರಳಿನಿಂದ ಆಚೆಗೆ, ನೀರು, ವಿದ್ಯುತ್ತು, ಕೊಳಚೆ ವಿಲೇವಾರಿಯ ವ್ಯವಸ್ಥೆಯುಳ್ಳ ತಂಗುದಾಣಗಳು ಅನೇಕ ಊರುಗಳಲ್ಲಿವೆ. ಇಲ್ಲಿ ಬೇಡವೆಂದು ಹೇಳುವವರು, ಎಲ್ಲಿ ಎಂಬುದನ್ನೂ ಹೇಳುತ್ತಾರೆ. ನಮ್ಮ ನೆರೆಯ ಕೇರಳವು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮದ ನೀತಿಯನ್ನು ಪ್ರಕಟಿಸಿದಾಗ, ವಾಹನಗಳ ಜೊತೆಗೆ ಅವು ತಂಗುವ ತಾಣಗಳನ್ನೂ ಅದರಲ್ಲಿ ಸೇರಿಸಿತು.

ಇದು ಪರದೇಶದಿಂದ ಕಲಿಯಬೇಕಾದ ವಿದ್ಯೆಯೆಂದು ನನಗೆ ಅನ್ನಿಸುವುದಿಲ್ಲ. ನಮ್ಮ ಹಿರಿಯರು ಕಮಾನು ಗಾಡಿ ಕಟ್ಟಿಕೊಂಡು ಪುಷ್ಯಮಾಸದಲ್ಲಿ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಹೋಗುತ್ತಿದ್ದುದು ನಿಮ್ಮಲ್ಲಿ ಹಿರಿಯರಾದವರಿಗೆ ನೆನಪಿರಬಹುದು. ಗಾಡಿಯಲ್ಲಿಯೇ ಹಾಸಿಗೆ, ಹಿಟ್ಟಿನ ಚೀಲ, ಪಾತ್ರೆ, ಎತ್ತುಗಳಿಗೆ ಒಣಹುಲ್ಲು. ದಾರಿಯಲ್ಲಿ ಗುಂಡುತೋಪು ಸಿಕ್ಕಿದರೆ ಎತ್ತು ಬಿಚ್ಚಿ, ಮೂರು ಕಲ್ಲು ಹೂಡಿ, ಮುದ್ದೆ, ಅವರೆಕಾಳಿನ ಸಾರು ಮಾಡಿ ಉಂಡು, ಗಾಡಿಯ ಕೆಳಗೆ ಮಲಗುತ್ತಿದ್ದರು. ಯಾರೂ ಬಂದು ಎಬ್ಬಿಸುತ್ತಿರಲಿಲ್ಲ. ಮಾವು, ಹುಣಿಸೆ, ಹೊಂಗೆ, ನೇರಳೆಗಳ ಆ ತೋಪು, ಬಳಿಯಲ್ಲೊಂದು ಬಾವಿ ಅಥವಾ ಕುಂಟೆ, ಇವು ದಾರಿಹೋಕರಿಗೆಂದೇ ಇದ್ದವು. ದಾರಿಯ ಬದಿಯಲ್ಲಿ ಮರ ನೆಡಿಸಿ, ಬಾವಿ ತೋಡಿಸಿ, ತಂಗುದಾಣ ಕಟ್ಟಿಸಿದೆನೆಂದು ಅಶೋಕನು ಶಾಸನದಲ್ಲಿ ಹೇಳಿಕೊಂಡದ್ದನ್ನು ನಾನು ತರಗತಿಯಲ್ಲಿ ಪಾಠ ಮಾಡಿದ್ದುಂಟು.

ಇಂದು ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಗುಂಡುತೋಪು ಎಂಬ ಶಬ್ದ ಕಂದಾಯದ ದಾಖಲೆಯಲ್ಲಿ ಇನ್ನೂ ಇದೆ. ಮರಗಳು ಎಷ್ಟೋ ಕಡೆ ಇಲ್ಲ. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ಭೂಮಿಯ ಬೆಲೆ ಏರಿತು. ತೋಪಿನ ಜಾಗ ‘ಖಾಲಿ ಜಾಗ’ವಾಗಿ ಕಾಣತೊಡಗಿತು. ಗಾಡಿಗಳು ಹೋದವು, ಇನ್ನು ತೋಪು ಏತಕ್ಕೆ ಎಂಬುದು ಜನರ ವಾದ. ಆದರೆ ಗಾಡಿಗಳು ಹೋಗಿಲ್ಲ, ರೂಪ ಬದಲಿಸಿವೆ.

ಕ್ಯಾಂಪರ್ ವ್ಯಾನು ಉಳ್ಳವರ ಆಟಿಕೆ, ಅದಕ್ಕೇಕೆ ಸಾರ್ವಜನಿಕ ಜಾಗ ಎಂದು ನೀವು ಆಕ್ಷೇಪಿಸಬಹುದು. ಆಕ್ಷೇಪ ನ್ಯಾಯವಾದದ್ದೇ. ಆದರೆ ತಂಗುದಾಣ ಬೇಕಾದವರು ವ್ಯಾನಿನವರು ಮಾತ್ರವಲ್ಲ. ರಾತ್ರಿಯಿಡೀ ನಿದ್ದೆಗೆಟ್ಟು ಓಡಿಸುವ ಲಾರಿ ಚಾಲಕರು, ಪಾದಯಾತ್ರಿಗಳು, ಟೆಂಪೋದಲ್ಲಿ ಬಂದು ರಸ್ತೆಯ ಅಂಚಿನಲ್ಲಿ ಚಿತ್ರಾನ್ನ ಬಿಚ್ಚುವ ಕುಟುಂಬಗಳು, ಶೌಚಾಲಯ ಸಿಗದೆ ನೀರು ಕುಡಿಯಲು ಹೆದರುವ ಶಾಲಾ ಪ್ರವಾಸದ ಹೆಣ್ಣುಮಕ್ಕಳು, ಇವರೆಲ್ಲರಿಗೂ ಅದು ಬೇಕು. ನಮ್ಮ ವ್ಯಾನಿನಲ್ಲಿ ಶೌಚಾಲಯವಿತ್ತು. ಅವರ ವಾಹನದಲ್ಲಿ ಇರುವುದಿಲ್ಲ.

ಆದುದರಿಂದ ನನ್ನ ಸಲಹೆ ಇಷ್ಟೇ. ನಮ್ಮ ರಾಜ್ಯದ ಸುಮಾರು 320 ಕಿಲೋಮೀಟರಿನ ಕರಾವಳಿಯ ಪಂಚಾಯಿತಿಗಳು, ಸಾಧ್ಯವಿರುವಲ್ಲೆಲ್ಲ, ಮರಳಿನಿಂದ ದೂರದಲ್ಲಿ ನೆರಳಿರುವ ಒಂದು ಅಂಗಳವನ್ನು ಮೀಸಲಿಡಲಿ. ಮರಳಿನ ಮೇಲೆ ಖಂಡಿತ ಬೇಡ. ಚಳಿಗಾಲದಿಂದ ವಸಂತದವರೆಗೆ ಉತ್ತರ ಕನ್ನಡದ ತೀರಗಳಲ್ಲಿ ಆಲಿವ್ ರಿಡ್ಲಿ ಕಡಲಾಮೆಗಳು ಮೊಟ್ಟೆಯಿಡುತ್ತವೆ. ಮರಿಗಳು ನಮ್ಮ ದೀಪದ ಬೆಳಕಿಗೆ ಮರುಳಾಗಿ, ಸಮುದ್ರದ ದಿಕ್ಕು ತಪ್ಪಿ ಸಾಯುತ್ತವೆ. ಆ ಅಂಗಳದಲ್ಲಿ ಒಂದು ನಲ್ಲಿ, ಸ್ವಚ್ಛ ಶೌಚಾಲಯ, ಕೊಳೆನೀರಿನ ಗುಂಡಿ, ರಾತ್ರಿಗೊಬ್ಬ ಕಾವಲುಗಾರ ಇದ್ದರೆ ಸಾಕು. ತಂಗುವವರಿಂದ ಶುಲ್ಕ ಪಡೆಯಲಿ. ಗಂಜಿ ಊಟ ಹಾಕುವ ಊರಿನ ಹೆಣ್ಣುಮಕ್ಕಳಿಗೆ ನಾಲ್ಕು ಕಾಸು ದೊರೆಯುತ್ತದೆ. ಎರಡು ಗಂಟೆ ನೋಡಿ ಓಡುವವನು ಊರಿಗೆ ಪ್ಲಾಸ್ಟಿಕ್ ಬಾಟಲಿ ಬಿಟ್ಟು ಹೋಗುತ್ತಾನೆ. ಮೂರು ದಿನ ಇರುವವನು ಅಂಗಡಿಯ ಲೆಕ್ಕದಲ್ಲಿ ಹೆಸರು ಬಿಟ್ಟು ಹೋಗುತ್ತಾನೆ.

ನಮ್ಮ ಕಡೆಯ ಪಂಚಾಯಿತಿಗಳಲ್ಲಿ ಸದಸ್ಯರಾಗಿರುವ ನನ್ನ ವಿದ್ಯಾರ್ಥಿಗಳು ಮುಂದಿನ ಗ್ರಾಮಸಭೆಯಲ್ಲಿ ತಮ್ಮ ಊರಿನ ಗುಂಡುತೋಪಿನ ಅಳತೆಯನ್ನು ಕೇಳಲಿ. ಉಳಿದಿರುವಷ್ಟಕ್ಕೆ ಬೇಲಿ ಹಾಕಿ, ಮಳೆಗಾಲಕ್ಕೆ ಮುನ್ನ ಹತ್ತು ಹೊಂಗೆ, ಹತ್ತು ನೇರಳೆ ಸಸಿ ನೆಡಿಸಲಿ. ಬೆಂಗಳೂರಿನ ಕಚೇರಿಗಳಲ್ಲಿರುವವರು ವರ್ಷಕ್ಕೊಮ್ಮೆ ಒಂದು ವಾರದ ರಜೆ ಹಾಕಿ, ತಂದೆತಾಯಿಯರ ಮಂಡಿಗಳು ಇನ್ನೂ ಮಾತು ಕೇಳುತ್ತಿರುವಾಗಲೇ, ಅವರನ್ನು ಎಲ್ಲಿಗಾದರೂ ಕರೆದೊಯ್ಯಲಿ. ಒಂದೇ ಊರಾದರೂ ಸಾಕು.

ನಿಮ್ಮ ಊರಿನ ತೋಪು ಈಗ ಹೇಗಿದೆ? ಬರೆದು ತಿಳಿಸಿ. ಓದಲು ನನಗೆ ಬೇಕಾದಷ್ಟು ಬಿಡುವಿದೆ.