ವೈದ್ಯೆಯ ಓಲೆ: ಯಾವ ಇಂಪ್ಲಾಂಟ್ ಒಳ್ಳೆಯದು ಎಂದು ಕೇಳಿದ ತಂಗಿಗೆ



ಕಳೆದ ಸಂಚಿಕೆಯಲ್ಲಿ ಮಂಡಿನೋವಿನ ಬಗ್ಗೆ ಬರೆದಿದ್ದೆ. ಅದನ್ನು ಓದಿದ ತಂಗಿಯೊಬ್ಬಳು ಹೀಗೆ ಬರೆದಿದ್ದಾಳೆ:

"ಡಾಕ್ಟರಮ್ಮ, ಮಂಡಿನೋವು ಇರುವುದು ನನ್ನ ಅಮ್ಮನಿಗೆ. ನನ್ನ ಪ್ರಶ್ನೆ ಬೇರೆ. ನನಗೆ 24 ವರ್ಷ. ಮುಂಬಯಿಯಲ್ಲೇ ಹುಟ್ಟಿ ಬೆಳೆದವಳು. ನನ್ನ ಎದೆ ತೀರ ಚಿಕ್ಕದೆಂಬ ಕೊರಗು ಕಾಲೇಜಿನ ದಿನಗಳಿಂದಲೂ ಇದೆ. ಈಗ ಕೆಲಸವಿದೆ, ಎರಡು ವರ್ಷದಿಂದ ಹಣ ಕೂಡಿಟ್ಟಿದ್ದೇನೆ. ಸರ್ಜನ್ ಒಬ್ಬರನ್ನು ಕಂಡೆ. ಸಿಲಿಕೋನೋ ಸಲೈನೋ, ದುಂಡನೆಯದೋ ನೀರಹನಿಯ ಆಕಾರದ್ದೋ, ನುಣುಪೋ ಒರಟೋ, ಆರಿಸಿಕೊಂಡು ಬನ್ನಿ ಎಂದು ಬಣ್ಣದ ಪುಸ್ತಿಕೆ ಕೊಟ್ಟರು. ಮನೆಯಲ್ಲಿ ಈ ಮಾತು ಎತ್ತಲಾರೆ. ಯಾವುದು ಒಳ್ಳೆಯದು, ನೀವೇ ಹೇಳಿ. ನನ್ನ ಹೆಸರು ಹಾಕಬೇಡಿ."

ಹೆಸರು ಹಾಕುವುದಿಲ್ಲ ತಂಗೀ. ಆದರೆ ಉತ್ತರವನ್ನು ಎಲ್ಲರೂ ಓದುವಂತೆ ಇಲ್ಲೇ ಕೊಡುತ್ತೇನೆ. ಸಂಘದ ಪತ್ರಿಕೆಯಲ್ಲಿ ಇಂಥದ್ದೆಲ್ಲ ಬೇಕೇ ಎಂದು ಕೆಲವು ಹಿರಿಯರು ಹುಬ್ಬೇರಿಸಬಹುದು. ಹಬ್ಬ, ಅಡುಗೆ, ನೆಂಟಸ್ತಿಕೆ ಎಲ್ಲಕ್ಕೂ ನಮ್ಮ ಮನೆಗಳಲ್ಲಿ ಕನ್ನಡ ಉಂಟು. ಹೆಣ್ಣಿನ ಎದೆಯ ಮಾತು ಬಂದರೆ ಮಾತ್ರ ನಾಲಗೆ ಇಂಗ್ಲಿಷಿಗೆ ಹೊರಳುತ್ತದೆ, ಇಲ್ಲವೇ ಬಾಯಿ ಕಟ್ಟುತ್ತದೆ. ಹಾಗಾಗಿಯೇ ಈ ಹುಡುಗಿ ಮಾರುವವರ ಪುಸ್ತಿಕೆಯೊಂದನ್ನೇ ಹಿಡಿದು ಒಬ್ಬಳೇ ಕುಳಿತಿದ್ದಾಳೆ.

ನಾನು ಪ್ಲಾಸ್ಟಿಕ್ ಸರ್ಜನ್ ಅಲ್ಲ, ಹೆಂಗಸರ ವೈದ್ಯೆ. ನೀನು ಯಾವುದನ್ನು ಆರಿಸಿದರೂ ನನಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಮೊದಲು ಒಂದು ಮಾತು. ಎದೆ ಚಿಕ್ಕದಾಗಿರುವುದು ಕಾಯಿಲೆಯಲ್ಲ. ಗಾತ್ರಕ್ಕೂ ಮುಂದೆ ಮಗುವಿಗೆ ಹಾಲೂಡಿಸುವ ಶಕ್ತಿಗೂ ಸಂಬಂಧವಿಲ್ಲ. ಗೆಳೆಯನೋ, ನೋಡಲು ಬಂದ ವರನ ಕಡೆಯವರೋ ಆಡಿದ ಮಾತಿಗೆ ಹೀಗೆ ಹೊರಟಿದ್ದರೆ, ಬದಲಾಗಬೇಕಾದ್ದು ನಿನ್ನ ಮೈಯಲ್ಲ. ನಿನ್ನದೇ ಬಯಕೆಯಾದರೆ ಅದು ಪಾಪವೂ ಅಲ್ಲ. ಬೈಯುವ ಕೆಲಸ ನನ್ನದಲ್ಲ, ತಿಳಿಸುವುದಷ್ಟೇ ನನ್ನ ಕೆಲಸ.

ಇನ್ನು ನಿನ್ನ ಪ್ರಶ್ನೆ. ಯಾವುದು ಒಳ್ಳೆಯದು ಎಂಬುದಕ್ಕೆ ಉತ್ತರ ಈ ವಸ್ತುವಿನ ಚರಿತ್ರೆಯಲ್ಲೇ ಇದೆ. ಒಂದರ ದೋಷಕ್ಕೆ ಮದ್ದೆಂದು ಇನ್ನೊಂದು ಬಂತು. ಬಂದದ್ದು ತನ್ನದೇ ದೋಷವನ್ನೂ ತಂದಿತು.

1962ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದಲ್ಲಿ ಥಾಮಸ್ ಕ್ರೋನಿನ್ ಮತ್ತು ಫ್ರಾಂಕ್ ಗೆರೋ ಎಂಬ ಸರ್ಜನ್‌ಗಳು ಟಿಮ್ಮಿ ಜೀನ್ ಲಿಂಡ್ಸೆ ಎಂಬ ಮಹಿಳೆಗೆ ಮೊದಲ ಸಿಲಿಕೋನ್ ಇಂಪ್ಲಾಂಟ್ ಇಟ್ಟರು. ಆಕೆ ಆಸ್ಪತ್ರೆಗೆ ಹೋಗಿದ್ದುದು ಹಚ್ಚೆ ತೆಗೆಸಲು! ಸಿಲಿಕೋನಿನ ಚೀಲ, ಒಳಗೆ ಸಿಲಿಕೋನ್ ಜೆಲ್. ಮುಟ್ಟಿದರೆ ಮೆತ್ತಗೆ, ಸಹಜವೆನಿಸುವಂತೆ. ಇದರ ದೋಷವೆಂದರೆ ಚೀಲ ಹರಿದರೂ ಹೊರಗೆ ಗೊತ್ತಾಗುವುದಿಲ್ಲ. ಜೆಲ್ ಒಳಗೇ ಉಳಿಯುತ್ತದೆ, ಆಕಾರ ಹಾಗೆಯೇ ಇರುತ್ತದೆ.

ಸಲೈನ್ ಎಂದರೆ ಅದೇ ಚೀಲ, ಒಳಗೆ ಉಪ್ಪುನೀರು. ಸೋರಿದರೆ ಎದೆ ಇಳಿದುಹೋಗಿ ಬೇಗನೆ ತಿಳಿಯುತ್ತದೆ. ಆ ನೀರನ್ನು ದೇಹ ಹೀರಿಕೊಳ್ಳುತ್ತದೆ, ಅಪಾಯವಿಲ್ಲ. ಆದರೆ ನಿನ್ನಂತೆ ಮೇಲೆ ಸ್ವಂತ ಮಾಂಸ ಕಡಿಮೆ ಇರುವವರಲ್ಲಿ ಚೀಲದ ಸುಕ್ಕುಗಳು ಚರ್ಮದ ಮೇಲೆ ಕಾಣಬಹುದು, ಮುಟ್ಟಿದರೆ ನೀರು ತುಂಬಿದ ಹಾಗೆ ಅನಿಸಬಹುದು.

ಜೆಲ್‌ನಿಂದ ಕೀಲುವಾತದಂಥ ರೋಗಗಳು ಬರುತ್ತವೆಂಬ ದೂರುಗಳೆದ್ದು, 1992ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್.ಡಿ.ಎ. ಸೌಂದರ್ಯಕ್ಕಾಗಿ ಅದನ್ನು ಬಳಸುವುದನ್ನು ತಡೆಯಿತು. ಸಾವಿರಾರು ದಾವೆಗಳ ಹೊರೆಯಲ್ಲಿ ಡೌ ಕಾರ್ನಿಂಗ್ ಕಂಪನಿ 1995ರಲ್ಲಿ ದಿವಾಳಿ ಅರ್ಜಿ ಸಲ್ಲಿಸಿತು. 1999ರಲ್ಲಿ ಅಲ್ಲಿನ ಇನ್ಸ್‌ಟಿಟ್ಯೂಟ್ ಆಫ್ ಮೆಡಿಸಿನ್ ವರದಿ ಕೊಟ್ಟು, ಅಂಥ ರೋಗಗಳಿಗೆ ಜೆಲ್ ಕಾರಣವೆನ್ನಲು ಪುರಾವೆಯಿಲ್ಲ, ಆದರೆ ಇಂಪ್ಲಾಂಟ್ ಗಟ್ಟಿಯಾಗುವುದು, ಒಡೆಯುವುದು, ಮತ್ತೆ ಆಪರೇಷನ್ ಬೇಕಾಗುವುದು ಮಾತ್ರ ನಿಜವಾದ ತೊಂದರೆಗಳು ಎಂದಿತು. 2006ರಲ್ಲಿ ಜೆಲ್ ಮರಳಿ ಬಂತು. ಅಲ್ಲಿನ ನಿಯಮದಂತೆ ಸೌಂದರ್ಯಕ್ಕಾಗಿ ಜೆಲ್‌ಗೆ 22 ವರ್ಷ, ಸಲೈನ್‌ಗೆ 18 ವರ್ಷ ತುಂಬಿರಬೇಕು. ಈಗಿನ ಜೆಲ್ ಹಿಂದಿನದಕ್ಕಿಂತ ಗಟ್ಟಿ. ನಮ್ಮ ಹಾಲುಬಾಯಿಯಂತೆ, ಕತ್ತರಿಸಿದರೂ ಹರಿಯುವುದಿಲ್ಲ.

ಇನ್ನು ನುಣುಪು, ಒರಟಿನ ಕಥೆ. ಹೊರಗಿನ ವಸ್ತು ಒಳಗೆ ಬಂದರೆ ದೇಹ ಅದರ ಸುತ್ತ ಒಂದು ಪೊರೆ ಕಟ್ಟುತ್ತದೆ. ಕೆಲವರಲ್ಲಿ ಆ ಪೊರೆ ಬಿಗಿದುಕೊಂಡು ಎದೆ ಗಟ್ಟಿಯಾಗುತ್ತದೆ, ನೋಯುತ್ತದೆ, ಆಕಾರ ಕೆಡುತ್ತದೆ. ಅದನ್ನು ತಗ್ಗಿಸಲೆಂದು ಚೀಲದ ಹೊರಮೈಯನ್ನು ಒರಟು ಮಾಡಿದರು. ಹನಿಯ ಆಕಾರದ ಇಂಪ್ಲಾಂಟ್‌ಗೂ ಈ ಒರಟು ಬೇಕು, ಏಕೆಂದರೆ ಅದು ಒಳಗೆ ತಿರುಗಿದರೆ ಎದೆಯೇ ಸೊಟ್ಟಗಾಗುತ್ತದೆ. ದುಂಡನೆಯದು ತಿರುಗಿದರೆ ಚಿಂತೆಯಿಲ್ಲ.

ಒರಟು ಒಳ್ಳೆಯದೆಂದು ಜಗತ್ತೆಲ್ಲ ನಂಬಿತ್ತು. 2011ರಲ್ಲಿ ಎಫ್.ಡಿ.ಎ. ಒಂದು ಅಪರೂಪದ ಕ್ಯಾನ್ಸರಿನ ಬಗ್ಗೆ ಎಚ್ಚರಿಸಿತು. ಅದು ಸ್ತನದ ಕ್ಯಾನ್ಸರ್ ಅಲ್ಲ. ಇಂಪ್ಲಾಂಟಿನ ಸುತ್ತಣ ಪೊರೆಯಲ್ಲಿ, ದ್ರವದಲ್ಲಿ ಹುಟ್ಟುವ ಲಿಂಫೋಮಾ. ಹೆಚ್ಚಿನ ಪ್ರಕರಣಗಳು ಒರಟು ಹೊರಮೈ ಇದ್ದವರಲ್ಲೇ. 2019ರ ಏಪ್ರಿಲ್‌ನಲ್ಲಿ ಫ್ರಾನ್ಸ್ ತೀರ ಒರಟಾದ ಬಗೆಗಳನ್ನು ನಿಷೇಧಿಸಿತು. ಜುಲೈಯಲ್ಲಿ ಅಲರ್ಗನ್ ಕಂಪನಿ ಬಯೋಸೆಲ್ ಎಂಬ ತನ್ನ ಒರಟು ಇಂಪ್ಲಾಂಟುಗಳನ್ನು ಜಗತ್ತಿನ ಮಾರುಕಟ್ಟೆಯಿಂದಲೇ ಹಿಂದಕ್ಕೆ ಪಡೆಯಿತು. ಹಾಕಿಸಿಕೊಂಡು ವರ್ಷಗಳ ಮೇಲೆ ಒಂದು ಕಡೆ ಎದೆ ಊದಿಕೊಂಡರೆ ತಡಮಾಡದೆ ತೋರಿಸಬೇಕು. ಬೇಗ ಸಿಕ್ಕರೆ ಇಂಪ್ಲಾಂಟನ್ನೂ ಪೊರೆಯನ್ನೂ ತೆಗೆದರೆ ಸಾಮಾನ್ಯವಾಗಿ ಗುಣವಾಗುತ್ತದೆ.

ಕಂಪನಿಯ ಹೆಸರೂ ಮುಖ್ಯ. ಫ್ರಾನ್ಸಿನ ಪಿ.ಐ.ಪಿ. ಎಂಬ ಕಂಪನಿ ವೈದ್ಯಕೀಯ ಸಿಲಿಕೋನಿನ ಬದಲು ಕಾರ್ಖಾನೆಗಳಿಗೆ ಬಳಸುವ ಅಗ್ಗದ ಸಿಲಿಕೋನ್ ತುಂಬಿ ಹಲವು ದೇಶಗಳಿಗೆ ಮಾರಿದ್ದು 2010ರಲ್ಲಿ ಬಯಲಾಯಿತು. ಅದರ ಸ್ಥಾಪಕನಿಗೆ 2013ರಲ್ಲಿ ಶಿಕ್ಷೆಯಾಯಿತು. ಹಾಕಿಸಿಕೊಂಡ ಹೆಂಗಸರ ಮೈಯೊಳಗೆ ಆ ಚೀಲಗಳು ಇದ್ದೇ ಇದ್ದವು.

ಹಾಗಾದರೆ ಯಾವುದನ್ನು ಆರಿಸುವುದು? "ಯಾವುದು ಒಳ್ಳೆಯದು" ಎಂದು ಕೇಳಬೇಡ, "ಯಾವ ದೋಷದೊಂದಿಗೆ ನಾನು ಬಾಳಬಲ್ಲೆ" ಎಂದು ಕೇಳಿಕೋ. ಸುಕ್ಕು ಕಂಡರೂ ಸರಿ, ಒಡೆದರೆ ತಕ್ಷಣ ತಿಳಿಯಬೇಕು ಎಂದರೆ ಸಲೈನ್. ಸಹಜ ಸ್ಪರ್ಶ ಬೇಕು, ತಪಾಸಣೆಗೆ ತಪ್ಪದೆ ಹೋಗುತ್ತೇನೆ ಎಂದರೆ ಜೆಲ್. ನನ್ನ ಮಗಳು ಕೇಳಿದ್ದರೆ ಹನಿಯ ಆಕಾರದ ಆಸೆ ಬಿಡು, ನುಣುಪಾದ ದುಂಡನೆಯದು ಸಾಕು ಎನ್ನುತ್ತಿದ್ದೆ. ಅದಕ್ಕೂ ಪೊರೆ ಬಿಗಿಯುವ ಭಯ ಇದ್ದೇ ಇದೆ.

ಎಲ್ಲಿ ಇಡುತ್ತಾರೆ, ಎಲ್ಲಿ ಕೊಯ್ಯುತ್ತಾರೆ ಎಂಬುದನ್ನೂ ಕೇಳು. ಎದೆಯ ಸ್ನಾಯುವಿನ ಕೆಳಗಿಟ್ಟರೆ ತೆಳ್ಳಗಿರುವವರಲ್ಲಿ ಅಂಚು ಕಾಣುವುದಿಲ್ಲ, ಮುಂದೆ ಮ್ಯಾಮೋಗ್ರಫಿಗೂ ಅನುಕೂಲ. ಆದರೆ ಮೊದಲ ದಿನಗಳ ನೋವು ಹೆಚ್ಚು. ತೊಟ್ಟಿನ ಸುತ್ತ ಕೊಯ್ದರೆ ಹಾಲಿನ ನಾಳಗಳಿಗೂ ನರಗಳಿಗೂ ಪೆಟ್ಟಾಗಬಹುದು. ನಿನಗಿನ್ನೂ 24, ಮುಂದೆ ಮಗುವಿಗೆ ಹಾಲೂಡಿಸುವ ಆಸೆಯಿದ್ದರೆ ಸ್ತನದ ಕೆಳಗಿನ ಮಡಿಕೆಯಲ್ಲಿ ಕೊಯ್ಯುವುದು ಮೇಲು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಯಾವ ಇಂಪ್ಲಾಂಟೂ ಜೀವಮಾನವಿಡೀ ಬಾಳುವ ವಸ್ತುವಲ್ಲ. ಸೌಂದರ್ಯಕ್ಕಾಗಿ ಹಾಕಿಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರು 8ರಿಂದ 10 ವರ್ಷಗಳೊಳಗೆ ತೆಗೆಸಬೇಕಾಗುತ್ತದೆ ಎಂದು ಎಫ್.ಡಿ.ಎ. ಹೇಳುತ್ತದೆ. ಜೆಲ್ ಆದರೆ ಒಳಗೆ ಒಡೆದಿದೆಯೇ ಎಂದು ನೋಡಲು ಹಾಕಿಸಿಕೊಂಡ 5-6 ವರ್ಷದ ಮೇಲೆ ಶುರುಮಾಡಿ, ಆಮೇಲೆ 2-3 ವರ್ಷಕ್ಕೊಮ್ಮೆ ಸೋನೋಗ್ರಫಿಯೋ ಎಂ.ಆರ್.ಐ.ಯೋ ಮಾಡಿಸಬೇಕು. ನೀನು ಕೂಡಿಟ್ಟ ಹಣ ಮೊದಲ ಆಪರೇಷನ್ನಿಗೆ ಮಾತ್ರ. ಅರುವತ್ತು ವಯಸ್ಸಾಗುವುದರೊಳಗೆ ಇನ್ನೆಷ್ಟು ಸಲ ಟೇಬಲ್ ಹತ್ತಬೇಕೋ, ಆ ಲೆಕ್ಕ ಪುಸ್ತಿಕೆಯಲ್ಲಿ ಇರುವುದಿಲ್ಲ. ಬರಿಯ ಸೌಂದರ್ಯದ ಆಪರೇಷನ್ನಿಗೆ ನಮ್ಮ ಆರೋಗ್ಯ ವಿಮೆ ಹಣ ಕೊಡುವುದಿಲ್ಲ.

ಸುಸ್ತು, ಕೀಲುನೋವು, ಮರೆವು ಎಂದು ಹೇಳಿಕೊಂಡು ಇಂಪ್ಲಾಂಟ್ ತೆಗೆಸಿಕೊಂಡವರೂ ಉಂಟು. ಇದರ ಕಾರಣ ವೈದ್ಯಲೋಕಕ್ಕೆ ಇನ್ನೂ ಸ್ಪಷ್ಟವಾಗಿಲ್ಲ. ತೆಗೆಸಿದ ಮೇಲೆ ಕೆಲವರು ಸುಧಾರಿಸಿದ್ದಾರೆ. 2021ರಿಂದ ಅಮೆರಿಕದಲ್ಲಿ ಇವೆಲ್ಲವನ್ನೂ ಪಟ್ಟಿ ಮಾಡಿ, ಓದಿಸಿ, ಸಹಿ ಪಡೆದ ಮೇಲೆಯೇ ಇಂಪ್ಲಾಂಟ್ ಹಾಕಬೇಕೆಂಬ ನಿಯಮವಿದೆ. ನಿನ್ನ ಸರ್ಜನ್ ಕೂಡ ಅಷ್ಟು ಸಮಯ ಕೊಡಲಿ.

ಆತನನ್ನು ಸಂಕೋಚವಿಲ್ಲದೆ ಕೇಳು: ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿ.ಎನ್.ಬಿ. ಆಗಿದೆಯೇ? ಅರಿವಳಿಕೆ ತಜ್ಞರು ಇರುವ ಆಸ್ಪತ್ರೆಯೇ? ಕಂಪನಿ ಯಾವುದು, ಹೊರಮೈ ಎಂಥದ್ದು? ತೊಂದರೆಯಾದರೆ ಮರು ಆಪರೇಷನ್ನಿನ ಖರ್ಚು ಯಾರದು? ಡಬ್ಬದ ಮೇಲಿನ ನಂಬರಿನ ಚೀಟಿಯನ್ನು ಕೇಳಿ ಪಡೆದು ಪಾಸ್‌ಪೋರ್ಟಿನ ಜೊತೆ ಜೋಪಾನವಾಗಿಡು. ಹೊಟ್ಟೆಯದೋ ತೊಡೆಯದೋ ಕೊಬ್ಬನ್ನು ತೆಗೆದು ಎದೆಗೆ ತುಂಬುವ ದಾರಿಯೂ ಇದೆ. ಅದರಲ್ಲಿ ಒಂದು ಪಾಲು ಕರಗಿಹೋಗುತ್ತದೆ, ಗಾತ್ರ ಹೆಚ್ಚುವುದು ಸ್ವಲ್ಪವೇ. ಏನೂ ಮಾಡಿಸದೆ ಇರುವುದೂ ಒಂದು ಆಯ್ಕೆ. ಆ ಪುಟ ಪುಸ್ತಿಕೆಯಲ್ಲಿ ಇರುವುದಿಲ್ಲ.

ಕೊನೆಯದಾಗಿ, ಮನೆಯಲ್ಲಿ ಮಾತು ಎತ್ತಲಾರೆ ಎಂದೆಯಲ್ಲ. ಆಪರೇಷನ್ ಮುಗಿದ ರಾತ್ರಿ ಪಕ್ಕದಲ್ಲಿ ನೀರು ಕೊಡುವ ಒಂದು ಕೈ ಬೇಕು ತಂಗೀ. ಕೈ ಎತ್ತಲಾಗದ ನೋವನ್ನು ಜ್ವರವೆಂದು ಎಷ್ಟು ದಿನ ಮುಚ್ಚಿಡುತ್ತೀ? ಅಮ್ಮನಿಗೆ ಇದೆಲ್ಲ ತಿಳಿಯದು ಎಂದುಕೊಳ್ಳಬೇಡ. ಮಗಳ ಜೊತೆ ಬಂದ ತಾಯಂದಿರು, ಮಗಳು ಬಾಯಿ ಬಿಡುವ ಮೊದಲೇ ಅದೇ ಕೊರಗನ್ನು ತಾವೂ ಒಂದು ಕಾಲಕ್ಕೆ ಪಟ್ಟಿದ್ದೆವು ಎಂದು ಹೇಳಿದ್ದನ್ನು ನನ್ನ ಕೊಠಡಿಯಲ್ಲಿ ಕೇಳಿದ್ದೇನೆ. "ಅಮ್ಮಾ, ನನ್ನ ಎದೆಯ ವಿಷಯ ಸ್ವಲ್ಪ ಮಾತಾಡಬೇಕು" ಎನ್ನು. ಇಷ್ಟು ಕನ್ನಡ ಸಾಕು. ಮಾತಾಡಿದ ಮೇಲೆ ಆರು ತಿಂಗಳು ಬಿಡು. ಆಗಲೂ ಬೇಕೆನಿಸಿದರೆ ಈ ಪುಟವನ್ನು ಜೊತೆಗಿಟ್ಟುಕೊಂಡು ಸರ್ಜನ್ ಬಳಿ ಹೋಗು, ಅಮ್ಮನೂ ಜೊತೆಗೆ ಬರಲಿ.

ನಿಮ್ಮ ಪ್ರಶ್ನೆಗಳನ್ನು ಸಂಘದ ಕಚೇರಿಗೆ ಬರೆದು ಕಳಿಸಿ. ಹೆಸರು ಬೇಡವೆಂದರೆ ಹಾಕುವುದಿಲ್ಲ. ಮುಂದಿನ ಸಂಚಿಕೆಯಲ್ಲಿ ಮುಟ್ಟಿನ ಹೊಟ್ಟೆನೋವಿನ ಬಗ್ಗೆ ಮಾತಾಡೋಣ.